ಹತ್ತು ಜನರ ಮುಂದೆ ಓದುವುದಕ್ಕೆ

ಅಹ್ಮದಿ, ಕುವೈತ್
ಶುಕ್ರವಾರ, ೧೫ ಜೂನ್ ೧೯೭೯

ಗೌರವದ ಸಿಪೋರಾ ಅಕ್ಕನವರಿಗೆ ಮೋನಪ್ಪನ ನಮಸ್ಕಾರಗಳು.

ನಿಮ್ಮನ್ನು ನಾನು ಕಂಡವನಲ್ಲ. ಆದರೂ ಅಕ್ಕ ಎಂದು ಕರೆಯುತ್ತಿದ್ದೇನೆ. ಒಂದೇ ಕೋಣೆಯಲ್ಲಿದ್ದ ಮೂರು ವರ್ಷವೂ ನಿಮ್ಮ ತಂದೆ ನನ್ನನ್ನು ‘ತಮ್ಮಾ’ ಎಂದೇ ಕರೆದರು. ಆ ಲೆಕ್ಕದಲ್ಲಿ ನೀವು ನನಗೆ ಏನಾಗಬೇಕೋ ತಿಳಿಯದು, ಅಕ್ಕ ಎಂದರೆ ತಪ್ಪಾಗಲಾರದು.

ಈ ಪತ್ರವನ್ನು ಇಲ್ಲಿ ಅಂಚೆಗೆ ಹಾಕುತ್ತಿಲ್ಲ. ನಮ್ಮ ಕ್ಯಾಂಪಿನ ಎಲೆಕ್ಟ್ರಿಷಿಯನ್ ರೋಕ್ ನಾಳಿದ್ದು ರಜೆಯ ಮೇಲೆ ಊರಿಗೆ ಹೊರಟಿದ್ದಾನೆ, ಮುಂಬಯಿಯಲ್ಲಿ ಇಳಿದು ಹಾಕುತ್ತಾನೆ. ಲಕೋಟೆಯ ದಪ್ಪ ನೋಡಿ, “ಹುಡುಗಿಯ ವಿಷಯವಾ ಮಾರಾಯ?” ಎಂದು ಕಣ್ಣು ಹೊಡೆದ. ಹೌದೆಂದೆ. ಇಲ್ಲಿಯ ಅಂಚೆಯಲ್ಲಿ ಯಾರೂ ಒಡೆದು ಓದುವಂತಿಲ್ಲದ್ದರಿಂದ ಬಿಚ್ಚಿ ಬರೆಯಲು ಧೈರ್ಯ ಬಂದಿದೆ.

ನಿಮ್ಮ ಪತ್ರ ತಲುಪಿತು, ಬಹಳ ಎಚ್ಚರದಿಂದ ಬರೆದಿದ್ದಿರಿ. ತಂದೆಯವರು ಜನವರಿಯಲ್ಲಿ ಹಠಾತ್ತನೆ ಹುಬ್ಬಳ್ಳಿಗೆ ಬಂದುಬಿಟ್ಟರು, ಹಿಂದೆ ಊರಿನಲ್ಲಿ ಮಾಡುತ್ತಿದ್ದ ‘ಆ ಕೆಲಸ’ವನ್ನು ಈಗ ಮಾಡುತ್ತಿಲ್ಲ, ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಅವರ ಜಾಗದಲ್ಲಿ ಇನ್ನೊಬ್ಬರು ತಡವರಿಸುತ್ತಾ ಓದುತ್ತಾರೆ ಎಂದಿದ್ದಿರಿ. ಕುವೈತಿನಲ್ಲಿ ಕಳ್ಳತನ ಮಾಡಿ ಸಿಕ್ಕಿಬಿದ್ದರಂತೆ ಎಂಬ ಮಾತೂ ಹಬ್ಬಿದೆಯಂತೆ. ಕೇಳಿದರೆ ಅವರು ಹೇಳುವುದು ಎರಡೇ ಮಾತು: ‘ನನ್ನ ಬಾಯಿ ಆ ಓದಿಗೆ ಯೋಗ್ಯ ಇಲ್ಲ’, ‘ಉಳಿದದ್ದು ಮೋನಪ್ಪನ್ನ ಕೇಳು’. ಅದನ್ನು ಓದಿ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮೊದಲು ನಾನು ಯಾರೆಂದು ಹೇಳಬೇಕು. ಊರು ಮಂಗಳೂರಿನ ಹತ್ತಿರ. ತಾಯಿ ಬೀಡಿ ಕಟ್ಟುತ್ತಾರೆ. ಎಸ್ಸೆಸೆಲ್ಸಿ ಮುಗಿಸಿ ಟೈಪಿಂಗ್ ಕಲಿತು ಇಲ್ಲಿ ಕಂಟ್ರಾಕ್ಟ್ ಕಂಪನಿಯೊಂದರ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುತ್ತೇನೆ. ಕಾಲೇಜು ಕಂಡಿಲ್ಲ. ನನ್ನ ವಿದ್ಯೆಯೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ಎಂಟಾಣೆಯ ಕಿರುಪುಸ್ತಕಗಳದ್ದು. ದೇವರು ಮತ್ತು ಜನರ ನಡುವೆ ನಿಂತು ಸುಂಕ ವಸೂಲು ಮಾಡುವವನೇ ಪುರೋಹಿತ, ಅವನು ಯಾವ ಧರ್ಮದವನಾದರೂ ಒಂದೇ ಎಂದು ಅದರಲ್ಲಿ ಓದಿದ್ದೆ. ಅದನ್ನು ಈಗಲೂ ನಂಬುತ್ತೇನೆ. ಜಾತಿಯ ವಿಷಯದಲ್ಲಂತೂ ನನ್ನ ಹತ್ತಿರ ರಾಜಿಯಿಲ್ಲ. ಅಡುಗೆಮನೆಯ ಹೊಸಿಲ ಹೊರಗೆ ನಿಲ್ಲಿಸಿ ಮೇಲಿನಿಂದ ನೀರು ಹೊಯ್ದದ್ದನ್ನು ಬೊಗಸೆಯೊಡ್ಡಿ ಕುಡಿದವನು ನಾನು.

ಅಂಥವನಿಗೆ ನಿಮ್ಮ ತಂದೆ ಹೇಗೆ ಕಂಡರೆಂದು ಯೋಚಿಸಿ. ಹಾಜರಿ ಪುಸ್ತಕದಲ್ಲಿ ಹೆಸರು ಆಬಾಜಿ ಎಸ್. ನಾಗಾಂವ್ಕರ್, ವಾಲ್ವ್ ಫಿಟ್ಟರ್. ಹೆಸರು ನೋಡಿಯೇ ಕೊಂಕಣದ ಬ್ರಾಹ್ಮಣ ಎಂದುಕೊಂಡೆ. ಮೆಸ್ಸಿನಲ್ಲಿ ಊಟ ಮಾಡುವುದಿಲ್ಲ. ಕೋಣೆಯ ಮೂಲೆಯಲ್ಲಿ ಸೀಮೆಎಣ್ಣೆ ಸ್ಟೌವ್, ಎರಡು ಪಾತ್ರೆ. ಅವನ್ನು ಯಾರೂ ಮುಟ್ಟುವಂತಿಲ್ಲ. ಇಲ್ಲಿ ಶುಕ್ರವಾರ ಎಲ್ಲರಿಗೂ ರಜೆ. ಇವರು ಮಾತ್ರ ಶುಕ್ರವಾರ ಹಗಲೆಲ್ಲ ಡ್ಯೂಟಿ ಮಾಡಿ ಬದಲಿಗೆ ಶನಿವಾರ ರಜೆ ಪಡೆಯುವರು. ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಸ್ನಾನ ಮಾಡಿ ಟೋಪಿ ಹಾಕಿ ಎಣ್ಣೆಯ ದೀಪ ಹಚ್ಚುವರು. ಮರುದಿನ ಕತ್ತಲಾಗುವವರೆಗೆ ಸ್ಟೌವ್ ಹಚ್ಚುವುದಿಲ್ಲ, ಸ್ವಿಚ್ಚೂ ಮುಟ್ಟುವುದಿಲ್ಲ. ನನಗೆ ಅನುಮಾನವೇ ಇರಲಿಲ್ಲ. ಮಡಿ, ಮೈಲಿಗೆ, ಜೊತೆಗೆ ಶನಿಕಾಟದ ಹೆದರಿಕೆ. ಎಣ್ಣೆದೀಪ ಶನಿದೇವರಿಗೆ ಎಂದೇ ತಿಳಿದಿದ್ದೆ.

ನಮ್ಮ ಮೆಸ್ಸಿನ ಅಡುಗೆಯವ ಕೊರಗಪ್ಪ ನಮ್ಮೂರ ಕಡೆಯವನು. ಅವನ ಜಾತಿಯವರನ್ನು ಊರಿನಲ್ಲಿ ಬಾವಿಯ ಹತ್ತಿರ ಬಿಡುವುದಿಲ್ಲ. ಅವನ ಕೈಯಡುಗೆಯನ್ನು ಒಬ್ಬ ಮನುಷ್ಯ ಆರು ವರ್ಷದಿಂದ ಮುಟ್ಟಿಲ್ಲವೆಂದರೆ ನನ್ನ ರಕ್ತ ಕುದಿಯದೆ ಇದ್ದೀತೇ? ಹೊಸ ವರ್ಷದ ಎರಡನೇ ವಾರದಲ್ಲಿ ಒಂದು ಅರ್ಜಿ ಟೈಪು ಮಾಡಿದೆ. ಕ್ಯಾಂಪಿನಲ್ಲಿ ಪ್ರತ್ಯೇಕ ಅಡುಗೆ ನಿಲ್ಲಬೇಕು, ಜಾತಿ ಆಚರಿಸುವವರ ಮೇಲೆ ಕ್ರಮ ಆಗಬೇಕು, ಉದಾಹರಣೆಗೆ ಈ ನಾಗಾಂವ್ಕರ್ ಎಂದು. ಹದಿಮೂರು ಜನರ ಸಹಿ ಹಾಕಿಸಿದೆ. ಕೊರಗಪ್ಪನೇ ಹಿಂದೆಮುಂದೆ ನೋಡಿದ. “ನಂಗೆಂಥ ಬೇಜಾರಿಲ್ಲ ಮಾರಾಯ, ಅವ್ರು ಉಣ್ಣದಿದ್ರೆ ಒಂದು ತಟ್ಟೆ ತೊಳೆಯುದು ಕಮ್ಮಿ. ಮತ್ತೆ, ಜಾತಿ ನೋಡುವವ ದಿನಾ ಬೆಳಿಗ್ಗೆ ನನ್ನ ಕೈಯ ಚಾ ಕುಡಿತಾನಾ?” ಎಂದು ಕೇಳಿದ. ನಿಜ, ಹಾಲಿಲ್ಲದ ಚಹಾವನ್ನು ಗಾಜಿನ ಲೋಟದಲ್ಲಿ ಅವನಿಂದಲೇ ತೆಗೆದುಕೊಂಡು ಕುಡಿಯುತ್ತಿದ್ದರು. ನಾನು ಕೊರಗಪ್ಪನಿಗೆ, ನಿನಗೆ ಗುಲಾಮಗಿರಿ ಅಭ್ಯಾಸವಾಗಿದೆ ಎಂದು ಬೈದು ಸಹಿ ಹಾಕಿಸಿದೆ.

ಬೆನ್ನ ಹಿಂದೆ ದೂರುವುದು ನನ್ನ ನಿಯಮವಲ್ಲ. ಜನವರಿ ಹದಿನೆಂಟು, ಗುರುವಾರ ಸಂಜೆ, ಅರ್ಜಿಯ ಕಾರ್ಬನ್ ಪ್ರತಿ ಹಿಡಿದು ಅವರ ಮಂಚದ ಮುಂದೆ ನಿಂತು ಇಂಗ್ಲಿಷಿನಲ್ಲಿದ್ದುದನ್ನು ಕನ್ನಡ ಮಾಡಿ ಗಟ್ಟಿಯಾಗಿ ಓದಿದೆ. ಅವರು ಕಾಲು ಮಡಚಿ ಕೂತು ಕೇಳಿದರು. ‘ಬ್ರಾಹ್ಮಣ’ ಎಂಬ ಮಾತು ಬಂದಾಗ ನಗು ಶುರುವಾಯಿತು. ಕೆಮ್ಮು ಬರುವವರೆಗೆ ನಕ್ಕರು. “ಬ್ರಾಹ್ಮಣ? ನಾ? ಯಾವಾಗಿಂದೋ ತಮ್ಮಾ?” ಎಂದರು. ಆಮೇಲೆ ಎದ್ದು ಬಾಗಿಲು ಹಾಕಿ, ಟ್ರಂಕು ತೆಗೆದು, ತಳದಿಂದ ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಒಂದು ಕತ್ತಿಯನ್ನು ಹೊರತೆಗೆದರು.

ಅದರ ತುದಿ ಚೂಪಾಗಿರಲಿಲ್ಲ, ಚೌಕವಾಗಿತ್ತು. ಅಲಗನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ತೋರಿಸಿದರು. ಎಲ್ಲಿಯೂ ತಡೆಯಬಾರದಂತೆ, ಕೂದಲೆಳೆಯಷ್ಟು ಮುಕ್ಕಿದ್ದರೂ ಆ ಕತ್ತಿಯಿಂದ ಕೊಯ್ಯುವಂತಿಲ್ಲವಂತೆ, ಪ್ರಾಣಿಗೆ ನೋವಾಗುತ್ತದೆ. “ಹುಬ್ಬಳ್ಯಾಗ ನಮ್ಮ ಮಂದೀದು ಕೋಳಿ, ಕುರಿ ಎಲ್ಲಾ ಕೊಯ್ಯಾಂವ ನಾನ. ಇದನ್ನ ಹಿಡದ ಬ್ರಾಹ್ಮಣನ್ನ ಎಲ್ಲೆ ನೋಡೀಯಪಾ?” ಎಂದರು. ಆರು ವರ್ಷ ಮಾಂಸ ಮುಟ್ಟದಿದ್ದ ಆ ಮನುಷ್ಯ ಕಟುಕನ ಕೆಲಸ ಬಲ್ಲವರಾಗಿದ್ದರು. ಇಲ್ಲಿ ತಾವಾಗಿ ಕೊಯ್ದರೆ ನೋಡಿದವರು ಇದೇನು ರೀತಿ ಎಂದು ಕೇಳುತ್ತಾರೆ, ಬೇರೆಯವರು ಕೊಯ್ದದ್ದು ಆಗುವುದಿಲ್ಲ. ಮೆಸ್ಸಿನ ಪಾತ್ರೆಗಳಲ್ಲಿ ಆ ಮಾಂಸವೂ ಬೇಯುತ್ತದೆ. ಅದಕ್ಕೇ ಬೇರೆ ಪಾತ್ರೆ, ಬೇಳೆ, ಅನ್ನ. ಶನಿವಾರ ತಮ್ಮ ದೇವರು ಹೇಳಿದ ವಿಶ್ರಾಂತಿಯ ದಿನ, ಆ ದಿನ ಬೆಂಕಿ ಹಚ್ಚುವಂತಿಲ್ಲ ಎಂದೂ ಆಗಲೇ ಹೇಳಿದರು. ತಾವು ಬೆನೆ ಇಸ್ರಾಯೇಲರು, ಯಹೂದಿಗಳು ಎಂದರು. ಈ ಅರಬ್ ದೇಶದಲ್ಲಿ ಆ ಮಾತು ಹೊರಬಿದ್ದರೆ ಕೆಲಸವೂ ಉಳಿಯದು, ಜೈಲೂ ಆದೀತು ಎಂದು ನನಗೂ ಗೊತ್ತಿತ್ತು. ನನಗೇಕೆ ಹೇಳಿದಿರಿ ಎಂದು ಕೇಳಿದೆ. “ನೀ ನನ್ನ ಮುಖದ ಮ್ಯಾಲ ಹೇಳೀದಿ. ಅದಕ್ಕ ನಾನೂ ಮುಖದ ಮ್ಯಾಲ ಹೇಳೀನಿ. ಅಷ್ಟ,” ಎಂದರು.

ನನ್ನ ನಾಲಿಗೆ ಅಷ್ಟಕ್ಕೇ ಸುಮ್ಮನಿರಲಿಲ್ಲ. ಹಾಗಾದರೆ ನೀವು ಅವರ ಪುರೋಹಿತರು, ಬ್ರಾಹ್ಮಣನಿಗಿಂತ ಏನು ಕಡಿಮೆ ಎಂದು ವಾದಕ್ಕೆ ನಿಂತೆ. ಅವರು ಕತ್ತಿ ಸುತ್ತಿಡುತ್ತಾ ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ: “ಪೂಜಾರಿ ಅಲ್ಲೋ. ಹಜ್ಜಾನ್ ಅಂತಾರ. ಹತ್ತು ಗಣಮಕ್ಕಳು ಕೂಡಿದ್ರ ಯಾರರೆ ಒಬ್ಬಾಂವ ಮುಂದ ನಿಂತು ಓದಬೇಕು. ಓದಾಕ ಬರಾಂವನ್ನ ನಿಂದರಸ್ತಾರ. ಅವರ ಮಾತು ಹೊತ್ಕೊಂಡು ಹೋಗಾಂವ, ಟಪಾಲಿನಾಂವ ಇದ್ದಂಗ. ಹತ್ತು ಮಂದಿ ಇಲ್ಲಂದ್ರ ನಾ ಬರೇ ಫಿಟ್ಟರ್.”

ಅಕ್ಕ, ಮೂರು ವರ್ಷ ದಿನವೂ ಬೆಳಿಗ್ಗೆ ಅವರು ಗೋಡೆಗೆ ಮುಖ ಮಾಡಿ ಏನನ್ನೋ ಗುಣುಗುಣಿಸುವುದನ್ನು ಹೊದಿಕೆಯೊಳಗಿಂದ ಕೇಳಿದ್ದೆ. ನಡುವೆ ಒಂದೆರಡು ಕಡೆ ನಿಲ್ಲಿಸಿ ಸುಮ್ಮನಾಗುತ್ತಿದ್ದರು, ಮತ್ತೆ ಮುಂದುವರಿಸುತ್ತಿದ್ದರು. ಮುದುಕರಿಗೆ ಮರೆವು ಎಂದುಕೊಂಡಿದ್ದೆ. ಅಲ್ಲವಂತೆ. ಕೆಲವು ಸಾಲುಗಳು ಹತ್ತು ಜನರಿದ್ದರೆ ಮಾತ್ರ ಹೇಳತಕ್ಕವು, ಸತ್ತವರಿಗಾಗಿ ಹೇಳುವ ಪ್ರಾರ್ಥನೆಯೂ ಅದರಲ್ಲೇ ಇದೆ. ಒಬ್ಬನೇ ಇರುವಾಗ ಅವನ್ನು ಬಿಟ್ಟು ಓದಬೇಕು. ಇವರು ಬಿಡುತ್ತಿದ್ದರು, ಆದರೆ ಅವಕ್ಕೆ ಬೇಕಾದಷ್ಟು ಹೊತ್ತು ಕಾಯುತ್ತಿದ್ದರು. ನಿಮ್ಮ ತಾಯಿಯವರು ತೀರಿಕೊಂಡ ಸುದ್ದಿ ಬಂದ ವರ್ಷವೂ ಹಾಗೆಯೇ ನಿಂತಿದ್ದರೆಂದು ಈಗ ನೆನಪಾಗುತ್ತದೆ. ಸುಂಕ ವಸೂಲಿಯ ಪುರೋಹಿತನ ಬಗ್ಗೆ ನನ್ನ ಪುಸ್ತಕದಲ್ಲಿ ಬಹಳ ಇತ್ತು. ಜನರಿಲ್ಲವೆಂದು ತನ್ನ ಹೆಂಡತಿಗಾಗಿ ಹೇಳಬೇಕಾದ ಪ್ರಾರ್ಥನೆಯನ್ನೇ ನುಂಗಿಕೊಂಡು ನಿಲ್ಲುವವರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಅರ್ಜಿಯ ಮೂಲಪ್ರತಿ ಅಷ್ಟರಲ್ಲಿ ಮೇಲಿನ ಆಫೀಸಿಗೆ ಹೋಗಿಯಾಗಿತ್ತು. ತಡೆಯುವುದು ನನ್ನ ಕೈಯಲ್ಲಿ ಇರಲಿಲ್ಲ.

ಸೋಮವಾರ ಕರೆ ಬಂತು. ಪರ್ಸನೆಲ್ ಆಫೀಸಿನ ಸಾಹೇಬ ಒಳ್ಳೆಯವನೇ, ಜಗಳ ಬೇಡದವನು. ಕ್ಯಾಂಪಿನಲ್ಲಿ ಊಟದ ತಕರಾರು ಬರದಂತೆ ಎಲ್ಲರಿಂದಲೂ ಹೊಸ ಫಾರ್ಮ್ ತುಂಬಿಸುವುದೆಂದು ನಿರ್ಧರಿಸಿದ್ದ: ಹೆಸರು, ಧರ್ಮ, ಊಟದ ನಿಯಮ, ಸ್ವಹಸ್ತದ ಸಹಿ. ಮೊದಲ ಸರದಿ ನಾಗಾಂವ್ಕರ್ ಅವರದ್ದು. ಭಾಷೆ ತಿಳಿಸಲು ನನ್ನನ್ನೇ ಪಕ್ಕದಲ್ಲಿ ಕೂರಿಸಿದ. ಮೇಜಿನ ಮೇಲೆ ನನ್ನ ಅರ್ಜಿ ಇತ್ತು. ನಿಮ್ಮ ತಂದೆ ಅದನ್ನು ತಮ್ಮ ಕಡೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ನೋಡಿ ಮತ್ತೆ ಇದ್ದಂತೆ ಇಟ್ಟರು. ಇದರಲ್ಲಿ ಬರೆದದ್ದು ನಿಜವೇ ಎಂದು ಸಾಹೇಬ ಕೇಳಿದ. ನಿಜ, ನಾನು ಬೇರೆಯೇ ಉಣ್ಣುತ್ತೇನೆ, ಹುಡುಗ ಕಂಡದ್ದನ್ನೇ ಬರೆದಿದ್ದಾನೆ, ಅವನನ್ನು ಏನೂ ಅನ್ನಬೇಡಿ ಎಂದರು. ಅದನ್ನು ನಾನೇ ನನ್ನ ಬಾಯಿಂದ ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಯಿತು.

ಹಳೆಯ ಫಾರ್ಮಿನಲ್ಲಿ ಧರ್ಮ ಎಂಬ ಕಡೆ ಹಿಂದೂ ಎಂದಿತ್ತು. ಮುಂಬಯಿಯ ಏಜೆಂಟ್ ಕೇಳದೆಯೇ ತುಂಬಿಸಿದ್ದು. ಅವರು ಸಹಿ ಹಾಕಿದ ಮೇಲೆ ಅದನ್ನು ಕಂಡರು, ಕಂಡೂ ಸುಮ್ಮನಿದ್ದರು. ಇದೊಂದನ್ನು ನಾನು ಮುಚ್ಚಿಡುವುದಿಲ್ಲ, ಅವರೂ ಮುಚ್ಚಿಡಲಿಲ್ಲ. ಈಗ ಸಾಹೇಬ ಪೆನ್ನು ಮುಂದಿಟ್ಟ. ನಾನು ಕನ್ನಡದಲ್ಲಿ, ನಾನೇ ಬರೆಯುತ್ತೇನೆ ಕಾಕಾ, ಹಳೆಯದನ್ನೇ ಬರೆಯುತ್ತೇನೆ, ನೀವು ಸುಮ್ಮನೆ ಸಹಿ ಹಾಕಿ ಎಂದೆ. ಅವರನ್ನು ಕಾಕಾ ಎಂದು ಕರೆದದ್ದು ಅದೇ ಮೊದಲು. ಅವರು ತಲೆಯಾಡಿಸಿದರು. “ಆವಾಗ ಏಜೆಂಟ್ ಬರದ, ನಾ ಬಾಯಿ ಮುಚ್ಚಿದೆ. ಈಗ ಪೆನ್ನು ನನ್ನ ಕೈಯಾಗ ಕೊಟ್ಟಾರ, ತಮ್ಮಾ.”

ಪೆನ್ನಿನ ಮುಚ್ಚಳ ಹಾಕಿ ಸಾಹೇಬನ ಕಡೆ ಸರಿಸಿದರು. ಆರೋಗ್ಯ ಸರಿಯಿಲ್ಲ, ಊರಿಗೆ ಹೋಗುತ್ತೇನೆ ಎಂದು ಹೇಳು ಎಂದರು. ಕಂಟ್ರಾಕ್ಟ್ ಮುಗಿಯಲು ಇನ್ನೂ ಒಂದೂವರೆ ವರ್ಷವಿತ್ತು. ಸಾಹೇಬ ಭುಜ ಹಾರಿಸಿ, ಖಲಾಸ್ ಎಂದ.

ಹೋಗುವ ದಿನ ಎರಡೂ ಪಾತ್ರೆಗಳನ್ನು ಉಜ್ಜಿ ತೊಳೆದು ಕೊರಗಪ್ಪನಿಗೆ ಕೊಟ್ಟರು. ಅವನ ಕೈಯಿಂದ ಚಹಾ ಎರಡು ಲೋಟ ಕುಡಿದರು. ಆಮೇಲೆ ಕೊರಗಪ್ಪ ನನ್ನ ಹತ್ತಿರ ಬಂದು, “ಸಹಿ ನಾನು ಹಾಕಿದ್ದು ಗೊತ್ತುಂಟಾ ಅವ್ರಿಗೆ?” ಎಂದು ಕೇಳಿದ. ಗೊತ್ತು ಎಂದೆ. ಅವನು ಆ ಪಾತ್ರೆಗಳನ್ನು ಎತ್ತಿಕೊಂಡು ಮೆಸ್ಸಿನೊಳಗೆ ಹೋದ.

ಅಕ್ಕ, ನಿಮ್ಮ ತಂದೆ ಕದ್ದಿಲ್ಲ, ಯಾರೂ ಅವರನ್ನು ಓಡಿಸಿಲ್ಲ. ತಮ್ಮ ಕೈಯಿಂದ ಒಂದು ಸುಳ್ಳು ಪದ ಬರೆಯಲಾರದೆ ಅನ್ನದ ಕೆಲಸ ಬಿಟ್ಟು ಬಂದರು. ಆರು ವರ್ಷ ಸುಮ್ಮನಿದ್ದದ್ದನ್ನೇ ದೊಡ್ಡದು ಮಾಡಿಕೊಂಡು, ನನ್ನ ಬಾಯಿ ಯೋಗ್ಯವಲ್ಲ ಎನ್ನುತ್ತಿದ್ದಾರೆ. ಆ ದಿನ ಪೆನ್ನು ಏಕೆ ಕೆಳಗಿಟ್ಟರೆಂದು ಬಲ್ಲವನು ನಾನೊಬ್ಬನೇ. ಆದ್ದರಿಂದ ಸಾಕ್ಷಿ ಹೇಳುತ್ತಿದ್ದೇನೆ. ನಿಮ್ಮ ಪ್ರಾರ್ಥನೆಗೆ ಹತ್ತು ಜನ ಕೂಡಿದಾಗ ಈ ಪತ್ರವನ್ನು ಅವರ ಮುಂದೆ ಓದಿಸಿ. ಬರೆದವನು ಯಾರೆಂದರೆ ಪುರೋಹಿತರನ್ನು ಕಂಡರಾಗದವನು ಎನ್ನಿ. ಅಂಥವನು ಹೇಳುತ್ತಿದ್ದಾನೆ, ಆ ಮನುಷ್ಯನನ್ನು ಮುಂದೆ ನಿಲ್ಲಿಸಿ ಎಂದು. ನಿಮ್ಮ ಜನರ ಮಾತನ್ನು ಹೊತ್ತೊಯ್ಯಲು ಅವರಿಗಿಂತ ನೆಟ್ಟಗಿನವರು ಹುಬ್ಬಳ್ಳಿಯಲ್ಲಿದ್ದರೆ ನನಗೆ ತಿಳಿಸಿ.

ಬೆಳಿಗ್ಗೆ ಆ ಗೋಡೆಯ ಕಡೆ ಈಗ ಯಾರೂ ನಿಲ್ಲುವುದಿಲ್ಲ. ಹೊಸದಾಗಿ ಬಂದವನು ರೇಡಿಯೋ ಹಾಕುತ್ತಾನೆ.

ಇಂತು, ನಿಮ್ಮ ತಂದೆಯವರು ತಮ್ಮಾ ಎಂದವನು,
ಮೋನಪ್ಪ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಹರಿದೆ. ಮೇಲೆ ಒಂದು ಸುಳ್ಳಿದೆ. ಗುರುವಾರ ಸಂಜೆ ಅವರು ಕತ್ತಿ ತೋರಿಸಿದಾಗ ಅರ್ಜಿಯ ಮೂಲಪ್ರತಿ ಎಲ್ಲಿಗೂ ಹೋಗಿರಲಿಲ್ಲ, ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ಶುಕ್ರವಾರವೆಲ್ಲ ಯೋಚಿಸಿದೆ. ಆಫೀಸಿನಲ್ಲಿ ನನ್ನ ಎದುರು ಮೇಜಿನ ಮುಹಮ್ಮದ್ ಪ್ಯಾಲೆಸ್ತೀನಿನವನು. ಹವಲ್ಲಿ ಬಡಾವಣೆಯ ಎರಡು ಕೋಣೆಯಲ್ಲಿ ಅವನ ಮನೆಯ ಎಂಟು ಜನ ಇರುತ್ತಾರೆ. ಯಹೂದಿಗಳ ಕೈಯಲ್ಲಿ ಊರು ಕಳೆದುಕೊಂಡ ಕಥೆಯನ್ನು ಅವನ ಬಾಯಿಂದಲೇ ಕೇಳಿದ್ದೆ. ಶನಿವಾರ ಬೆಳಿಗ್ಗೆ ಅವನು ಎಂದಿನಂತೆ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟ. ಹುಬ್ಬಳ್ಳಿಯ ಒಬ್ಬ ಫಿಟ್ಟರ್ ಅದಕ್ಕೆ ಹೇಗೆ ಹೊಣೆ ಎಂದು ನಾನು ಕೇಳಿಕೊಳ್ಳಲಿಲ್ಲ. ಅದನ್ನೇ ನೆಪ ಮಾಡಿಕೊಂಡೆ. ನಿಜವಾದ ಕಾರಣ ಇನ್ನೂ ಸಣ್ಣದು: ಹದಿಮೂರು ಸಹಿ ಹಾಕಿಸಿ ಹರಿದರೆ ಮೋನಪ್ಪ ಹೆದರಿದ ಎನ್ನುತ್ತಾರಲ್ಲ ಎಂದು. ಹತ್ತು ಗಂಟೆಗೆ ನಾನೇ ಕೊಂಡುಹೋಗಿ ಕೊಟ್ಟೆ. ಗುಮಾಸ್ತ ಮೊಹರು ಒತ್ತಿದ. ಸೋಮವಾರ ನಿಮ್ಮ ತಂದೆ ಅರ್ಜಿ ತಿರುಗಿಸಿ ನೋಡಿದ್ದು ಆ ಮೊಹರನ್ನೇ. ಅದರಲ್ಲಿ ಶನಿವಾರದ ದಿನಾಂಕ ಇತ್ತು. ಓದಿದ ಮೇಲೆಯೇ ಸಾಹೇಬನಿಗೆ, ಹುಡುಗನನ್ನು ಏನೂ ಅನ್ನಬೇಡಿ ಎಂದರು. ಹತ್ತು ಜನರ ಮುಂದೆ ಓದುವಾಗ ಈ ಭಾಗವನ್ನು ಬಿಟ್ಟು ಓದಬೇಡಿ.