ನಡುಹಗಲಮ್ಮನಿಗೆ ಒಂದು ತಾಸು

ಬ್ರೆಜೊವ್,
ಆಗಸ್ಟ್ 4, ಸೋಮವಾರ

ನನ್ನ ವೋರ್ಶಾ,

ನಿನ್ನ ಮಗಳು ಚೆನ್ನಾಗಿದ್ದಾಳೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಕಾಗದವನ್ನು ಓದದೆ ಅದೊಂದನ್ನೇ ಹುಡುಕುತ್ತೀ. ನಿನ್ನೆ ರಾತ್ರಿ ಆಲೂಗಡ್ಡೆ ಬೇಯಿಸಿ, ಗಟ್ಟಿ ಮೊಸರಿಗೆ ಅಗಸೆ ಎಣ್ಣೆ ಬಿಟ್ಟು ಕೊಟ್ಟೆ. ಎರಡು ಸಲ ಹಾಕಿಸಿಕೊಂಡು ತಿಂದಳು.

ಎರಡನೆಯದು, ನಿನಗೆ ಕೊಟ್ಟ ಮಾತನ್ನು ನಾನು ಮುರಿದಿಲ್ಲ. ಅಜ್ಜ ತೀರಿಕೊಂಡ ವಿಷಯವನ್ನು ನಾನು ಲೇಯ್ನಾಳ ಕಿವಿಗೆ ಹಾಕಿಲ್ಲ. ಮುಂದೆ ಓದುತ್ತಾ ಹೋದಂತೆ ನಿನಗೆ ಅನುಮಾನ ಬರುತ್ತದೆ. ಆಗ ಮತ್ತೆ ಹಿಂದಕ್ಕೆ ಬಂದು ಈ ಸಾಲನ್ನು ಓದು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿನ್ನ ಅಪ್ಪನ ಹೆಸರೆತ್ತಿದರೆ ಸಾಕು, ಯಾರೋ ಬಾಗಿಲು ತಟ್ಟುತ್ತಿದ್ದಾರೆ ಎನ್ನುತ್ತೀ. ಲೈಪ್ಸಿಗ್‌ನಲ್ಲಿ ನಿನ್ನ ಮನೆಯ ಬಾಗಿಲನ್ನು ಅಷ್ಟೊಂದು ಜನ ತಟ್ಟುತ್ತಾರೆಂದು ನನಗೆ ಗೊತ್ತಿರಲಿಲ್ಲ.

ನಿನ್ನ ಮಕ್ಕಳ ಕಾದಂಬರಿಯ ಹಾಳೆಗಳು ಬಂದು ತಲುಪಿದವು. ಪ್ರತಿ ಸಂಜೆ ಒಂದೊಂದು ಅಧ್ಯಾಯ ಓದಿದೆವು. ಲೇಯ್ನಾ ಹಾಸಿಗೆಯಲ್ಲಿ ಬೋರಲಾಗಿ ಮಲಗಿ ಕೇಳುತ್ತಿದ್ದಳು. ಜರ್ಮನ್ ಓದುವಾಗ ನನ್ನ ಉಚ್ಚಾರಣೆ ತಪ್ಪಿದರೆ ಕಾಲಿನಿಂದ ತಿವಿಯುತ್ತಿದ್ದಳು. ಕೆರೆಯ ತಳದಲ್ಲಿ ವಾಸಿಸುವ ನೀರಣ್ಣನ ಅಧ್ಯಾಯ ನನಗೆ ಬಹಳ ಹಿಡಿಸಿತು. ಸಂತೆಗೆ ಬಂದ ಅವನ ಅಂಗಿಯ ಅಂಚು ಎಷ್ಟು ಹಿಂಡಿದರೂ ಒದ್ದೆಯಾಗೇ ಇರುತ್ತದೆ ಎಂಬುದನ್ನು ನೀನು ಮರೆತಿಲ್ಲ. ಎಲ್ಲವನ್ನೂ ತಿರುಗಾಮುರುಗಾ ಮಾತಾಡುವ ಲುಟ್ಕಿ ಕುಳ್ಳರು ಬಂದಾಗ ಮಗು ನಕ್ಕು ನಕ್ಕು ಮಂಚದಿಂದ ಬಿದ್ದಳು. ಎರಡು ದಿನ ಮನೆಯಲ್ಲಿ ಅದೇ ಭಾಷೆ ನಡೆಯಿತು. ಆದರೆ ಪ್ಲೋನ್‌ಗೆ ಪಿಜ್ಜಾ ಏಕೆ ತಿನ್ನಿಸಿದೆ ಮಾರಾಯ್ತಿ? ಒಲೆಯ ಹಿಂದೆ ಕೂತು ಮನೆಗೆ ಸಿರಿ ತರುವ ಬೆಂಕಿಯ ಹಾವು ಅದು. ಬರಗಿನ ಗಂಜಿಗೆ ಹಾಲು ಹಾಕಿ ಇಟ್ಟರೆ ಮಾತ್ರ ಮುಟ್ಟುವಂಥದ್ದು. ಮೂವತ್ತು ವರ್ಷ ಶಿಶುವಿಹಾರದ ಮಕ್ಕಳಿಗೆ ಹಾಗೆಂದೇ ಹೇಳಿಕೊಂಡು ಬಂದವಳು ನಾನು. ಪುಸ್ತಕ ಬಂದ ಮೇಲೆ ಅವರೆಲ್ಲ ಬೀದಿಯಲ್ಲಿ ಸಿಕ್ಕಾಗ ನನ್ನನ್ನೇ ಕೇಳುತ್ತಾರೆ.

ಇರಲಿ, ನನ್ನ ನಿಜವಾದ ತಕರಾರು ಕೊನೆಯ ಅಧ್ಯಾಯದ್ದು. ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಹೊಲದಲ್ಲಿ ಉಳಿದವರ ಮುಂದೆ ನಡುಹಗಲಮ್ಮ ಬಿಳಿ ಬಟ್ಟೆ ಹೊದ್ದು, ಕುಡುಗೋಲು ಹಿಡಿದು ನಿಲ್ಲುತ್ತಾಳೆ. ಅಗಸೆ ಬೀಜದಿಂದ ಬಟ್ಟೆಯಾಗುವವರೆಗಿನ ಕಥೆಯನ್ನು, ಗಡಿಯಾರ ಒಂದು ಬಡಿಯುವವರೆಗೆ, ಒಂದು ತಾಸು ತಡವರಿಸದೆ ಹೇಳಬೇಕು. ಹೇಳದಿದ್ದರೆ ತಲೆ ಉಳಿಯುವುದಿಲ್ಲ. ನಿನ್ನ ಕಥೆಯ ಹುಡುಗಿ ಮಾಡಿದ್ದೇನು? ಪ್ಲೋನ್‌ನ ಬೆನ್ನೇರಿ ಚರ್ಚಿನ ಗೋಪುರಕ್ಕೆ ಹಾರಿ, ಗಡಿಯಾರದ ಮುಳ್ಳನ್ನು ಒಂದು ಗಂಟೆಗೆ ತಿರುಗಿಸಿಬಿಟ್ಟಳು. ನಡುಹಗಲಮ್ಮ ಧೂಳಾಗಿ ಉದುರಿದಳು. ಮುಗಿಯಿತು! ಅಗಸೆಯ ಬಗ್ಗೆ ಒಂದು ಸಾಲೂ ಇಲ್ಲ. ಒಂದು ತಾಸು ಅಗಸೆಯ ಮಾತು ಕೇಳಲು ಮಕ್ಕಳಿಗೆ ಬೇಜಾರಾಗುತ್ತದೆ ಎಂದು ನಿನ್ನ ಸಂಪಾದಕಿ ಹೇಳಿದಳಂತೆ.

ಆ ಅಧ್ಯಾಯ ಓದಿದ ರಾತ್ರಿ ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ಮೇ ತಿಂಗಳ ಆ ದಿನ ನೆನಪಾಯಿತು. ಊರವರೆಲ್ಲ ಶವದ ಹಿಂದೆ ನಡೆಯುತ್ತಿದ್ದರು, ನೀನು ಕಾಫಿ ಲೋಟಗಳನ್ನು ಜೋಡಿಸುತ್ತಿದ್ದೆ. ಸಮಾಧಿಯಿಂದ ಬಂದವರು ಕೂತು ಅಪ್ಪನ ಬಗ್ಗೆ ಮಾತಾಡುತ್ತಿದ್ದರು, ನೀನು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದೆ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದೆ ಎಂದು ಪಕ್ಕದ ಮನೆಯ ಹಿಲ್ಜಾ ಹೇಳಿದಳು. ಸಂಜೆಯ ರೈಲಿಗೇ ಹೊರಟುಬಿಟ್ಟೆ. ಮಗುವಿಗೆ ಅಜ್ಜ ಸಮುದ್ರದ ಹತ್ತಿರ ಆರೋಗ್ಯಧಾಮದಲ್ಲಿದ್ದಾರೆ ಎಂದು ಹೇಳಿದೆ. ಅವಳಪ್ಪ ಮನೆ ಬಿಟ್ಟು ಹೋದಾಗ ಅವಳು ವಾರಗಟ್ಟಲೆ ನಿದ್ದೆಯಿಲ್ಲದೆ ಒದ್ದಾಡಿದ್ದು ನನಗೂ ಗೊತ್ತು. ನಿನ್ನ ಹೆದರಿಕೆ ಸುಳ್ಳಲ್ಲ. ಅದಕ್ಕೇ ಒಪ್ಪಿಕೊಂಡೆ.

ಒಪ್ಪಿದ್ದು ಸುಲಭವಾಗಿರಲಿಲ್ಲ ಎಂದೂ ತಿಳಿದುಕೊ. ಗಂಡನನ್ನು ಕಳೆದುಕೊಂಡವಳು ವರ್ಷ ತುಂಬುವವರೆಗೆ ಬಿಳಿಯ ಶೋಕವಸ್ತ್ರ ಹೊದೆಯದೆ ಚರ್ಚಿಗೆ ಹೋದರೆ ಈ ಊರಿನಲ್ಲಿ ಏನನ್ನುತ್ತಾರೆ, ನಿನಗೆ ಹೇಳಬೇಕಾಗಿಲ್ಲ. ರಜೆಗೆ ಮಗುವನ್ನು ಇಲ್ಲಿಗೆ ಕಳಿಸುವಾಗ, ಅವಳ ಮುಂದೆ ಬಿಳಿ ಉಡಬೇಡ ಎಂದು ನೀನು ಕೇಳಿಕೊಂಡೆ. ಹಾಗಾಗಿ ಭಾನುವಾರ ಬೆಳಿಗ್ಗೆ ನೀಲಿ ಲಂಗದಲ್ಲಿ ಮನೆಯಿಂದ ಹೊರಟು, ಹಿಲ್ಜಾಳ ಕೋಣೆಯಲ್ಲಿ ಬಿಳಿ ಹೊದ್ದು ಪೂಜೆಗೆ ಹೋಗಿ, ಬಂದವಳು ಅಲ್ಲೇ ಮತ್ತೆ ನೀಲಿ ಉಟ್ಟು ಮನೆಗೆ ಬರುತ್ತಿದ್ದೆ. ಈ ವಯಸ್ಸಿನಲ್ಲಿ ಕಳ್ಳಿಯ ಹಾಗೆ. ಹಿಲ್ಜಾ ಒಮ್ಮೆ ಕೇಳಿದಳು: "ಯಾರನ್ನ ನೋಡೋಕೆ ಹೋಗ್ತಿದೀಯಾ ಅಂತ ಊರಿಗೆಲ್ಲ ಹೇಳ್ಲಾ, ಮಾರ್ಹಾತಾ?" ನಕ್ಕೆವು. ಆಮೇಲೆ ಇಬ್ಬರೂ ಅತ್ತೆವು.

ನಿನ್ನೆ ಭಾನುವಾರ. ಪೂಜೆಯ ನಂತರ ನಿನ್ನ ಅಪ್ಪನ ಸಮಾಧಿಗೆ ನೀರು ಹಾಕಿ ಬರುವಾಗ ತಡವಾಯಿತು. ಹಿಲ್ಜಾ ದಾರಿಗೇ ಓಡಿಬಂದಳು. ಅವಳ ಅಂಗಳದಲ್ಲಿ ಆಡುತ್ತಿದ್ದ ಲೇಯ್ನಾ ಎಲ್ಲೂ ಕಾಣುತ್ತಿಲ್ಲ ಎಂದಳು. ನನಗೆ ಮೊದಲು ನೆನಪಾದದ್ದು ಗಿರಣಿಯ ಹೊಂಡ. ಅಲ್ಲಿಗೆ ಓಡಿದೆ. ಅಲ್ಲಿರಲಿಲ್ಲ. ಅಲ್ಲಿಂದ ಕೊಟ್ಟಿಗೆಯ ಹಿಂದಕ್ಕೆ, ನಿನ್ನ ಅಪ್ಪ ಏಪ್ರಿಲ್‌ನಲ್ಲಿ ಬಿತ್ತಿ ಹೋದ ಅಗಸೆಯ ಪಟ್ಟಿಗೆ. ಅದನ್ನು ಕೀಳಲು ನನಗೆ ಇನ್ನೂ ಕೈ ಬಂದಿಲ್ಲ, ಒಣಗಿ ಕಂದಾಗಿ ನಿಂತಿದೆ. ಅದರ ನಡುವೆ ನಿನ್ನ ಮಗಳು ಕೈಕಟ್ಟಿ, ತಲೆತಗ್ಗಿಸಿ ನಿಂತಿದ್ದಳು. ಚರ್ಚಿನಲ್ಲಿ ನಡುಹಗಲ ಗಂಟೆ ಬಾರಿಸುತ್ತಿತ್ತು. ನಾನು ಏದುಸಿರು ಬಿಡುತ್ತಾ ಅವಳ ಮುಂದೆ ಹೋಗಿ ನಿಂತೆ. ಬಿಳಿ ಬಟ್ಟೆ ತಲೆಯಿಂದ ಮೊಣಕಾಲಿನವರೆಗೆ ಹಾಗೇ ಇತ್ತು. ಬದಲಾಯಿಸಿಕೊಳ್ಳಬೇಕೆಂಬ ಎಚ್ಚರ ಯಾರಿಗಿತ್ತು!

ಅವಳು ತಲೆ ಎತ್ತಲಿಲ್ಲ. ಮುಖ ನೋಡಿದವರ ಕತ್ತು ತಿರುಚಿಹೋಗುತ್ತದೆ ಎಂದು ನೀನೇ ಬರೆದಿದ್ದೀಯಲ್ಲ. ನನ್ನ ಬಟ್ಟೆಯ ಅಂಚನ್ನಷ್ಟೇ ನೋಡಿದಳು. ಬಂದೆಯಾ, ಎಂದಳು. ಜರ್ಮನ್‌ನಲ್ಲಿ ಅಲ್ಲ, ನಮ್ಮ ಸೋರ್ಬಿಯನ್‌ನಲ್ಲಿ.

ವೋರ್ಶಾ, ಒಂಬತ್ತು ವರ್ಷದ ಈ ಮಗು ನಾನು ಸೋರ್ಬಿಯನ್‌ನಲ್ಲಿ ಏನೇ ಕೇಳಿದರೂ ಇಷ್ಟು ದಿನ ಜರ್ಮನ್‌ನಲ್ಲೇ ಉತ್ತರಿಸಿದವಳು. ನಮ್ಮ ಮಾತು ಇವಳ ಬಾಯಿಗೆ ಹತ್ತಲೇ ಇಲ್ಲ ಎಂದು ನಾನು ಕೈಬಿಟ್ಟಿದ್ದೆ. "ನೀನು ಕೇಳೋದು ಬೇಡ, ನಾನೇ ಹೇಳ್ತೀನಿ. ನಮ್ಮಜ್ಜ ಎಲ್ಲಾ ಹೇಳ್ಕೊಟ್ಟಿದಾರೆ," ಎಂದಳು. ನಾನು ಬಾಯಿ ತೆರೆದು, ಅಜ್ಜಿ ಕಣೇ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗೆನ್ನಲು ನನಗೆ ಮನಸ್ಸಾಗಲಿಲ್ಲ.

ನಿಂತೇ ಹೇಳಿದಳು. ನೆಲವನ್ನು ಹೇಗೆ ಹದ ಮಾಡುವುದು, ಬೀಜವನ್ನು ಎಷ್ಟು ಒತ್ತಾಗಿ ಬಿತ್ತುವುದು, ಕಳೆ ಕೀಳುವಾಗ ಬರಿಗಾಲಲ್ಲಿ ಏಕೆ ನಡೆಯುವುದು. ನೀಲಿ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಉದುರುವುದು. ಕೊಯ್ಯಬಾರದು, ಬೇರು ಸಮೇತ ಕೀಳಬೇಕು. ಕಾಯಿ ಬಿಡಿಸಬೇಕು, ಇಬ್ಬನಿಗೆ ಹಾಸಿ ಕೊಳೆಯಲು ಬಿಡಬೇಕು, ಒಣಗಿಸಬೇಕು, ಬಡಿದು ಮುರಿಯಬೇಕು, ಮುಳ್ಳಿನ ಹಣಿಗೆಯಲ್ಲಿ ಬಾಚಬೇಕು, ನೂಲಬೇಕು. ಪ್ರತಿಯೊಂದಕ್ಕೂ ಒಂದೊಂದು ಉಪಕಥೆ. ಮರೆತಾಗ "ಆಮೇಲೇನಾಯ್ತಪ್ಪಾ ಅಂದ್ರೆ" ಎನ್ನುತ್ತಿದ್ದಳು. ಅದು ನಿನ್ನ ಅಪ್ಪನ ಮಾತು. ಅವರ ಹಾಗೆಯೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ನಲವತ್ತಾರು ವರ್ಷ ಜೊತೆಯಲ್ಲಿದ್ದ ಮನುಷ್ಯನ ದನಿಯನ್ನು ಇನ್ನು ಕೇಳಲಾರೆ ಎಂದುಕೊಂಡಿದ್ದೆ. ಬಿಸಿಲಿನಲ್ಲಿ ಮುಸುಕಿನೊಳಗೆ ನಿಂತು ನಾನು ಬೆವರಿದೆನೋ ಅತ್ತೆನೋ, ಎರಡೂ ಒಂದೇ ಆಗಿತ್ತು. ಒಂದೆರಡು ಸಲ ಪದ ಸಿಗದೆ ತುಟಿ ಕಚ್ಚಿಕೊಂಡು ನಿಂತಳು. ಓಡಿಹೋಗಲಿಲ್ಲ.

ಬಟ್ಟೆಯನ್ನು ಹುಲ್ಲಿನ ಮೇಲೆ ಹಾಸಿ ಬಿಳುಪಾಗಿಸುವಲ್ಲಿಗೆ ಬರುವಷ್ಟರಲ್ಲಿ ಗಡಿಯಾರ ಒಂದು ಬಡಿಯಿತು. ಪೂರ್ತಿ ತಾಸು ಮಾತಾಡಿದವರಿಗೆ ನಡುಹಗಲಮ್ಮ ಒಂದು ಪ್ರಶ್ನೆಗೆ ನಿಜವಾದ ಉತ್ತರ ಕೊಡಬೇಕು ಎಂಬ ನಿಯಮ ನಮ್ಮ ಹಳೆಯ ಕಥೆಯಲ್ಲಿಲ್ಲ, ಅದು ನೀನು ಸೇರಿಸಿದ್ದು. ಒಳ್ಳೆಯದನ್ನೇ ಸೇರಿಸಿದ್ದೀ. ಲೇಯ್ನಾ ಅದನ್ನು ನಂಬಿಯೇ ಬಂದಿದ್ದಳು. ಪ್ರಶ್ನೆ ಕೇಳಿದಳು. ಅದು ಏನೆಂದು ಇಲ್ಲಿ ಬರೆಯಲು ಈಗ ನನ್ನ ಕೈ ಏಳುತ್ತಿಲ್ಲ. ನಾನು ಪಿಸುದನಿಯಲ್ಲಿ ಉತ್ತರ ಕೊಟ್ಟೆ. ಅವಳು ಥ್ಯಾಂಕ್ಸ್ ಹೇಳಿ, ಕಣ್ಣುಮುಚ್ಚಿಕೊಂಡೇ ತಿರುಗಿ, ಹಿಲ್ಜಾಳ ಮನೆಯ ಕಡೆ ಓಡಿದಳು. ನಾನು ಹಿಂದಿನ ಬಾಗಿಲಿನಿಂದ ಹೋಗಿ ನೀಲಿ ಲಂಗ ಉಟ್ಟು ಬಂದೆ. ಎಲ್ಲಿಗೆ ಹೋಗಿದ್ದೆ ಎಂದು ನಾನು ಕೇಳಲಿಲ್ಲ. ನೀನೆಲ್ಲಿದ್ದೆ ಎಂದು ಅವಳೂ ಕೇಳಲಿಲ್ಲ. ಅವಳಿಗೆ ಗುರುತು ಸಿಕ್ಕಿತೋ ಇಲ್ಲವೋ, ದೇವರಾಣೆಗೂ ನನಗೆ ತಿಳಿಯದು.

ಈಗ ಕಾದಂಬರಿಯ ಮಾತು. ಕೊನೆಯ ಅಧ್ಯಾಯವನ್ನು ತಿದ್ದಲು ಈ ತಿಂಗಳ ಕೊನೆಯವರೆಗೆ ಸಮಯವಿದೆ ಎಂದಿದ್ದೆ. ಗಡಿಯಾರ ತಿರುಗಿಸುವುದನ್ನು ತೆಗೆದುಬಿಡು. ನಿನ್ನ ಹುಡುಗಿಯನ್ನು ಹೊಲದಲ್ಲೇ ನಿಲ್ಲಿಸು, ಮಾತಾಡಿಸು. ಮಕ್ಕಳಿಗೆ ಬೇಜಾರಾಗುವುದಿಲ್ಲ, ಬೇಜಾರಿಗೆ ಹೆದರುವವರು ದೊಡ್ಡವರು. ನಡುಹಗಲಮ್ಮ ಕೆಟ್ಟವಳೆಂದು ನಿನ್ನ ಅಪ್ಪ ಒಂದು ದಿನವೂ ಹೇಳಲಿಲ್ಲ. ನಿನಗೆ ಕಥೆ ಹೇಳುವಾಗ ಅವರು ಕೊನೆಯಲ್ಲಿ ಹೇಳುತ್ತಿದ್ದದ್ದು ಇಷ್ಟೇ: "ಒಂದು ತಾಸು ತಡ್ಕೊಳ್ಳೋಕೆ ಆಗತ್ತೆ ಮಗಾ. ಆಗಲ್ಲ ಅಂದ್ಕೊಂಡು ಓಡೋರನ್ನೇ ಅವಳು ಹಿಡಿಯೋದು." ನೀನು ಮೇ ತಿಂಗಳಿಂದ ಓಡುತ್ತಲೇ ಇದ್ದೀ. ಬೈಯುತ್ತಿಲ್ಲ. ನೋಡುತ್ತಾ ನಿಲ್ಲುವುದು ನನ್ನಿಂದ ಆಗುತ್ತಿಲ್ಲ, ಅಷ್ಟೇ.

ಶುಕ್ರವಾರದ ರೈಲಿಗೆ ಬಾ. ಅಗಸೆ ಕೀಳುವುದು ಒಬ್ಬಳ ಕೈಲಾಗುವ ಕೆಲಸವಲ್ಲ.

ನಿನ್ನನ್ನು ಹೆತ್ತವಳು,
ಮಾರ್ಹಾತಾ

ಮರೆತದ್ದಲ್ಲ, ಬಚ್ಚಿಟ್ಟುಕೊಂಡದ್ದು: ಅಜ್ಜ ಎಲ್ಲಿದ್ದಾರೆ ಎಂದು ಕೇಳುತ್ತಾಳೆ ಎಂದೇ ನಾನು ಎಣಿಸಿದ್ದೆ. ಸುಳ್ಳಾಡಬಾರದು, ಮಾತೂ ಮುರಿಯಬಾರದು, ಏನು ಮಾಡಲಿ ಎಂದು ಮನಸ್ಸಿನಲ್ಲೇ ಉತ್ತರ ಹುಡುಕುತ್ತಿದ್ದೆ. ಅವಳು ಅದನ್ನು ಕೇಳಲೇ ಇಲ್ಲ. ಯಜಮಾನ ಸತ್ತರೆ ಜೇನುಗೂಡುಗಳಿಗೂ ತಟ್ಟಿ ಹೇಳಿ, ಬಿಳಿ ಪಟ್ಟಿ ಕಟ್ಟುತ್ತೇವಲ್ಲ. ನಿನ್ನ ಅಪ್ಪ ಸಾಕಿದ್ದ ಜೇನುಗೂಡುಗಳ ಮೇಲೆ ಆ ಪಟ್ಟಿಯನ್ನು ಬಂದ ದಿನವೇ ಅವಳು ನೋಡಿದ್ದಳು. ಅದರ ಅರ್ಥವನ್ನು ಅವಳಿಗೆ ಹೇಳಿಕೊಟ್ಟವರೂ ನಿನ್ನ ಅಪ್ಪನೇ. ಅವಳು ಕೇಳಿದ್ದು ಇದು: "ಅಜ್ಜ ಸತ್ತಿದ್ದು ಜೇನುಗಳಿಗೂ ಗೊತ್ತು. ನಮ್ಮಮ್ಮಂಗೆ ಮಾತ್ರ ಯಾರೂ ಹೇಳಿಲ್ಲ. ಅವಳು ಇನ್ನೂ ಅಜ್ಜ ಸಮುದ್ರದ ಹತ್ರ ಇದಾರೆ ಅಂತಾನೇ ಹೇಳ್ತಾಳೆ. ಅವಳಿಗೆ ಯಾರು ಹೇಳ್ತಾರೆ?"

ನಿಮ್ಮಮ್ಮನಿಗೆ ಅವಳ ಅಮ್ಮ ಹೇಳುತ್ತಾಳೆ ಎಂದು ಉತ್ತರ ಕೊಟ್ಟೆ. ನಡುಹಗಲಮ್ಮ ಸುಳ್ಳಾಡುವಂತಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ವೋರ್ಶಾ, ಮಗಳೇ, ನಿನ್ನ ಅಪ್ಪ ತೀರಿಕೊಂಡರು.