ಅತ್ತಿಗೆಯ ಒಂದೇ ಮಾತು

ಜೂನ್ ೧೪, ಶನಿವಾರ

ಈ ವಾರ ಮೂರು ಸಿನಿಮಾ ನೋಡಿದೆ. ಪೊಲೀಸ್ ಕಥೆ ಬರೀ ಸದ್ದು. ಪ್ರೇಮಕಥೆಯಲ್ಲಿ ನಾಯಕನ ಅಳುವೇ ಅತಿಯಾಯಿತು. ಮೂರನೆಯದು ತಾಯಿ-ಮಗಳ ಕಥೆ, ಇವತ್ತು ಅಣ್ಣ, ಅತ್ತಿಗೆಯ ಜೊತೆ ನೋಡಿದೆ. ಎಂದಿನಂತೆ ಕತ್ತಲಲ್ಲೇ ತಲೆ ತಗ್ಗಿಸಿ ಎರಡು ಪುಟ ಟಿಪ್ಪಣಿ ಗೀಚಿದೆ. ವರ್ಷಕ್ಕೊಂದು ಸಿನಿಮಾ ನೋಡುವ ಅತ್ತಿಗೆ ಹೊರಬಂದವರೇ, "ಆ ತಾಯಿ ಕೊನೇವರೆಗೂ ಒಂದ್ಸಲನೂ ಕೂತ್ಕೊಳ್ಳಲೇ ಇಲ್ಲ, ನೋಡಿದ್ರಾ?" ಅಂದರು.

ನಾನು ನೋಡಿರಲಿಲ್ಲ. ಅಣ್ಣ ನಕ್ಕ: "ಇದನ್ನ ಬರ್ಕೊಂಡ್ಯೇನೋ, ಪಂಡಿತ?"

ಹೊಟ್ಟೆ ಉರಿಯುತ್ತಿದೆ. ದಿನವಿಡೀ ಅಂಗಡಿಯಲ್ಲಿ ನಿಂತೇ ಬಟ್ಟೆ ಮಾರುವ ಅತ್ತಿಗೆಗೆ ಅದು ಕಾಣದೆ ಇರುತ್ತದೆಯೇ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಈಗ ನನ್ನ ಎರಡೂ ಪುಟ ಹೊಡೆದುಹಾಕಿ, ಆ ಮಾತನ್ನು ನನ್ನದೇ ಎಂಬಂತೆ ಬರೆದಿದ್ದೇನೆ. ಅತ್ತಿಗೆಗೆ ಅದು ಈಗಾಗಲೇ ಮರೆತೂ ಹೋಗಿರಬಹುದು. ಅದೇ ಇನ್ನೂ ಹೆಚ್ಚು ಉರಿಸುತ್ತಿದೆ.