ಮೂರು ವರ್ಷವೋ, ಏಳು ವರ್ಷವೋ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದು ಮಗಳೇ,

ಹೇಗಿದ್ದೀಯಮ್ಮಾ? ಹಡಗಿನಲ್ಲಿ ನಲವತ್ತು ಜನರಿಗೆ ಬೇಯಿಸಿ ಹಾಕುವವಳು ನಿನ್ನ ಹೊಟ್ಟೆಗೆ ಹೊತ್ತಿಗೆ ಸರಿಯಾಗಿ ಏನಾದರೂ ಹಾಕಿಕೊಳ್ಳುತ್ತೀಯೋ ಇಲ್ಲವೋ? ಎಣ್ಣೆ ಸಿಡಿದ ಕೈ ವಾಸಿಯಾಯಿತೇ? ನಾನು ಗುಂಡುಕಲ್ಲಿನ ಹಾಗಿದ್ದೇನೆ. ಅಮ್ಮನನ್ನು ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವುದು, ಕರೆತರುವುದು ನಡೆದೇ ಇದೆ. ಫೋನಿನಲ್ಲಿ ಮಾತಾಡುವಾಗ ಅವಳು ಪಕ್ಕದಲ್ಲೇ ಇರುತ್ತಾಳಲ್ಲ, ಏನನ್ನೂ ಬಿಡಿಸಿ ಹೇಳಲಾಗುವುದಿಲ್ಲ. ಅದಕ್ಕೇ ಈ ಕಾಗದ.

ನಮ್ಮ ಡ್ರೈವಿಂಗ್ ಸ್ಕೂಲಿನ ಹಳೇ ಕಾರು ಕೊನೆಗೂ ಕೈಕೊಟ್ಟಿತು. ಹೋದ ವಾರ ಆಸ್ಪತ್ರೆಯಿಂದ ಬರುವಾಗ ಮೇಲ್ಸೇತುವೆಯ ನಟ್ಟನಡುವೆ ನಿಂತುಬಿಟ್ಟಿತು. ಅಮ್ಮ ಮುಕ್ಕಾಲು ಗಂಟೆ ಬಿಸಿಲಲ್ಲಿ ಕೂತಳು. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಮೇಷ್ಟ್ರೇ, ಇನ್ನು ಇದಕ್ಕೆ ದುಡ್ಡು ಸುರೀಬೇಡಿ" ಅಂದ. ಕಲಿಸುವವರ ಕಡೆ ಇನ್ನೊಂದು ಬ್ರೇಕ್ ಇದೆಯಲ್ಲ, ಇಷ್ಟು ವರ್ಷ ಅಲ್ಲಿ ಕೂತು, ನಾನು ಜೋರಾಗಿ ಹೋದಾಗೆಲ್ಲ ಅದನ್ನು ತುಳಿದು ನಿನ್ನಮ್ಮ ನನಗೆ ಮೂಗುದಾರ ಹಾಕಿದ್ದು ನಿನಗೆ ಗೊತ್ತೇ ಇದೆ. ಊರಿಗೆಲ್ಲ ನಾನು ಮೇಷ್ಟ್ರು, ನನಗೆ ಅವಳು. ಮೂರ್ನಾಲ್ಕು ತಿಂಗಳಿಂದ ಕಾಲು ಹಿಂದಕ್ಕೆಳೆದುಕೊಂಡು ಸುಮ್ಮನೆ ಕೂರುತ್ತಾಳೆ. ಒಂದು ದಿನ ಬೇಕೆಂದೇ ಜೋರಾಗಿ ಓಡಿಸಿದೆ. ತುಳಿಯಲಿಲ್ಲ. ಕಾರು ನಿಲ್ಲಿಸಿ, ಟೈರ್ ನೋಡುವ ನೆಪ ಮಾಡಿ ಕೆಳಗಿಳಿದು ಅತ್ತೆ.

ಹೊಸ ಕಾರು ನೋಡಲು ಇಬ್ಬರೂ ಹೋಗಿದ್ದೆವು. ಶೋರೂಮಿನ ಹುಡುಗಿ ಎರಡು ಕಾಗದ ಮುಂದಿಟ್ಟಳು. ಒಂದು ಮೂರು ವರ್ಷದ ಲೀಸ್. ತಿಂಗಳಿಗೆ ಕಟ್ಟುವುದು ಕಡಿಮೆ, ಸರ್ವಿಸ್ ಅವರದೇ, ಅವಧಿ ಮುಗಿದ ಮೇಲೆ ಕಾರು ಹಿಂದಿರುಗಿಸಬೇಕು. ಆದರೆ ಅದಕ್ಕೊಂದು ಮೊಳೆ ಹೊಡೆಯುವಂತಿಲ್ಲ, ಎರಡನೇ ಬ್ರೇಕ್ ಕೂರಿಸುವ ಮಾತಂತೂ ದೂರ. ಅಂದರೆ ಸ್ಕೂಲಿಗೆ ಬೀಗ. ಇನ್ನೊಂದು ಏಳು ವರ್ಷದ ಸಾಲ. ಕಂತು ಭಾರ, ಆದರೆ ಕಾರು ನಮ್ಮದು. ನಾನು ಏಳು ವರ್ಷದ ಕಾಗದವನ್ನೇ ನನ್ನ ಕಡೆಗೆ ಎಳೆದುಕೊಂಡೆ. ನಿನ್ನಮ್ಮ ಹೊಲಿಗೆಯವಳು, ಬೇಕಾದ್ದಕ್ಕಿಂತ ಒಂದು ಗೇಣು ಬಟ್ಟೆ ಜಾಸ್ತಿ ತಂದರೂ ಬೈಯುವವಳು. "ನಮಗೆ ಲೀಸೇ ಸಾಕಮ್ಮ. ಅವಧಿಗೆ ಮುಂಚೆ ವಾಪಸ್ ಕೊಟ್ರೆ ದಂಡ ಎಷ್ಟಾಗುತ್ತೆ?" ಎಂದು ಕೇಳಿಬಿಟ್ಟಳು. ಪಾಪ ಆ ಹುಡುಗಿ, "ಅಷ್ಟು ಬೇಗ ಬೇಜಾರಾಗಲ್ಲ ಬಿಡಿ ಆಂಟಿ" ಅಂತ ನಕ್ಕಳು. ಅಮ್ಮನೂ ನಕ್ಕಳು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಮನೆಗೆ ಬಂದು ಜಗಳವಾಡಿದೆ. "ನಾನಿಲ್ಲದ ಮೇಲೆ ಕಂತು ಕಟ್ಕೊಂಡು ಕೂರ್ತೀರಾ?" ಅಂದಳು. ಅವಳ ಲೆಕ್ಕ ತಪ್ಪೆಂದು ಯಾವ ಬಾಯಲ್ಲಿ ಹೇಳಲಿ? ಆದರೆ ಲೀಸಿಗೆ ಸಹಿ ಹಾಕಿದರೆ ಅವಳು ಹೋಗುವುದಕ್ಕೆ ನಾನೂ ಹೂಂ ಅಂದಂತೆ. ನನ್ನ ಕೈಲಾಗದು ಮಗಳೇ. ಎರಡು ಕಾಗದವೂ ಹೊಲಿಗೆ ಯಂತ್ರದ ಪಕ್ಕದಲ್ಲಿ ಹಾಗೇ ಬಿದ್ದಿವೆ. ಅವಳು ಕಾಣದವಳ ಹಾಗೆ ಅವುಗಳ ಮೇಲೆ ಕತ್ತರಿ ಇಡುತ್ತಾಳೆ.

ಬಿಸಿ ಪಾತ್ರೆಗಳ ಹತ್ತಿರ ಹುಷಾರು. ನಿನ್ನನ್ನು ಹೊತ್ತ ನೀರು ನಿನ್ನನ್ನು ತಣ್ಣಗಿಡಲಿ.

ನಿನ್ನ
ಅಪ್ಪ

ಮರೆತಿದ್ದೆ ಎನ್ನಲಾರೆ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ನಿನ್ನೆ ಡಾಕ್ಟರು ನನ್ನೊಬ್ಬನನ್ನೇ ಹೊರಗೆ ಕರೆದರು. ಹೃದಯವೂ ಸೋತಿದೆಯಂತೆ. ಎರಡು ತಿಂಗಳಾದರೆ ಹೆಚ್ಚು ಅಂದರು. ನಿನ್ನನ್ನು ಕೆಲಸ ಬಿಡಿಸಿ ಕರೆಸಬಾರದೆಂದು ಅಮ್ಮ ಮುಂಚೆಯೇ ನನ್ನಿಂದ ಭಾಷೆ ತೆಗೆದುಕೊಂಡಿದ್ದಾಳೆ. ಅದಕ್ಕೇ, ಸಾಲಕ್ಕೆ ಮಗಳ ಜಾಮೀನು ಬೇಕಂತೆ, ಖುದ್ದಾಗಿ ಬರಬೇಕಂತೆ ಎಂದು ಸುಳ್ಳು ಹೇಳಿದ್ದೇನೆ. ನಂಬಿದಳೋ, ನಂಬಿದ ಹಾಗೆ ನಟಿಸಿದಳೋ, "ಬರಲಿ ಬಿಡಿ" ಅಂದಳು. ಈ ಕಾಗದ ಸಿಕ್ಕ ಬಂದರಿನಲ್ಲೇ ಇಳಿದು ಹೊರಟುಬಿಡು. ಅಮ್ಮ ತುಂಬ ಇಳಿದುಹೋಗಿದ್ದಾಳೆ. ಬಾಗಿಲಲ್ಲಿ ಅವಳನ್ನು ನೋಡಿ ಅಳಬೇಡ. ಒಳಗೆ ಬಂದವಳೇ, ಸಹಿ ಎಲ್ಲಿ ಹಾಕಬೇಕು ಎಂದು ಕೇಳು.